ಕೆಂಪು ಚಡ್ಡಿಯ ಜಾರ್ಜ್ ಫೋರ್‌ಮನ್

1994, ಲಾಸ್ ವೇಗಸ್. ವಯಸ್ಸು 45. ಬೋಳು ತಲೆ, ಮುಂದೆ ಬಂದ ಹೊಟ್ಟೆ. ಎದುರಿಗೆ 26ರ ಹರೆಯದ ಬಾಕ್ಸಿಂಗ್ ವಿಶ್ವ ಚಾಂಪಿಯನ್ ಮೈಕಲ್ ಮೂರರ್. ಜಾರ್ಜ್ ಫೋರ್‌ಮನ್ ಹಾಕಿದ್ದು 20 ವರ್ಷ ಹಳೇ ಕೆಂಪು ಚಡ್ಡಿ. ಮುಹಮ್ಮದ್ ಅಲಿ ಕೈಲಿ ಸೋತು ಪಟ್ಟ ಕಳಕೊಂಡ ದಿನ ಹಾಕಿದ್ದ ಅದೇ ಚಡ್ಡಿ!

1968ರ ಒಲಿಂಪಿಕ್ ಚಿನ್ನ ಗೆದ್ದವ ಈತ. 1977ರಲ್ಲಿ ಗ್ಲೌಸ್ ಬಿಚ್ಚಿಟ್ಟು ಪಾದ್ರಿಯಾದ. ಹತ್ತು ವರ್ಷ ರಿಂಗ್ ಕಡೆ ತಲೆ ಹಾಕಲಿಲ್ಲ. ಹ್ಯೂಸ್ಟನ್‌ನ ತನ್ನ ಯುವಕೇಂದ್ರಕ್ಕೆ ದುಡ್ಡು ಸಾಲದೆ ಮತ್ತೆ ಬಂದ. ಜನ ನಕ್ಕರು.

ಲಾಸ್ ವೇಗಸ್‌ನ ಆ ರಾತ್ರಿ ಒಂಬತ್ತು ಸುತ್ತು ಮೂರರ್ ಜಜ್ಜಿದ, ಅಂಕದಲ್ಲೂ ಮುಂದಿದ್ದ. ಹತ್ತನೇ ಸುತ್ತು. ಎಡಗೈ, ಹಿಂದೆಯೇ ಗದ್ದಕ್ಕೆ ಬಲಗೈಯ ಚಿಕ್ಕದೊಂದು ಗುದ್ದು. ಮೂರರ್ ಅಂಗಾತ!

ಅಂದಹಾಗೆ, ಫೋರ್‌ಮನ್‌ಗೆ ಐವರು ಗಂಡುಮಕ್ಕಳು. ಐವರ ಹೆಸರೂ ಜಾರ್ಜ್! ಮನೇಲಿ ಹೇಗೆ ಕರೀತಿದ್ರೋ?