ಮಲೆನಾಡ ಹಿತ್ತಿಲಲ್ಲಿ ಪೂಜೆ, ಮದ್ದು, ತಂಬುಳಿ

ಮಾಟಗಾರಿಕೆಗೆ ಸಂಬಂಧಿಸಿದ ಹಳೆಯ ಕಾನೂನೊಂದು ಬ್ರಿಟನ್ನಿನಲ್ಲಿ 1951ರಲ್ಲಿ ರದ್ದಾಯಿತು. ಮೂರು ವರ್ಷಗಳ ಬಳಿಕ ಜೆರಾಲ್ಡ್ ಗಾರ್ಡ್ನರ್ ಬರೆದ ಪುಸ್ತಕವೊಂದು ‘ವಿಕ್ಕಾ’ ಎಂಬ ಹೊಸ ಪಂಥವನ್ನು ಹೊರಜಗತ್ತಿಗೆ ಪರಿಚಯಿಸಿತು. ಹುಣ್ಣಿಮೆ, ಋತುಗಳ ತಿರುಗಣೆ, ತಾಯಿಯಾದ ಪ್ರಕೃತಿ ಈ ಪಂಥದವರ ಆರಾಧನೆಯ ನೆಲೆ. ಇದಕ್ಕೆ ಹೊಸದಾಗಿ ಸೇರಿದ ಬಹಳ ಮಂದಿ ಮನೆಯ ಮಗ್ಗುಲಲ್ಲಿ ಒಂದು ಮೂಲಿಕೆ ಪಾತಿ ಮಾಡುತ್ತಾರೆ. ನೆನಪಿಗೆ ರೋಸ್ಮರಿ, ನಿದ್ದೆಗೆ ಲ್ಯಾವೆಂಡರ್, ಧೈರ್ಯಕ್ಕೆ ಥೈಮ್, ಕನಸಿಗೆ ಮಗ್‌ವರ್ಟ್ ಎಂದು ಗಿಡಗಳ ಪಟ್ಟಿ ಸಾಗುತ್ತದೆ.

ಇದೇ ಪಟ್ಟಿ ಹಿಡಿದು ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ತೋಟ ಮಾಡಹೊರಟರೆ ಆಷಾಢ ಮುಗಿಯುವುದರೊಳಗೆ ಅರ್ಧ ಗಿಡ ಕೊಳೆತಿರುತ್ತವೆ. ರೋಸ್ಮರಿ, ಲ್ಯಾವೆಂಡರ್ ಹುಟ್ಟಿದ್ದು ಬೇಸಿಗೆಯಲ್ಲಿ ಹನಿ ಮಳೆ ಕಾಣದ ಮೆಡಿಟರೇನಿಯನ್ ತೀರದಲ್ಲಿ. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಾದರೋ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್ ಮೀರಿ ಮಳೆ ಸುರಿಯುತ್ತದೆ. ಜಂಬಿಟ್ಟಿಗೆಯ ಹುಳಿ ಮಣ್ಣು ಅವಕ್ಕೆ ಒಗ್ಗುವುದೂ ಇಲ್ಲ.

ಹಾಗೆಂದು ನಿರಾಶರಾಗಬೇಕಿಲ್ಲ. ಮಗ್‌ವರ್ಟ್‌ನ ಹತ್ತಿರದ ಬಂಧು ನಮ್ಮಲ್ಲೇ ಇದೆ. ಗಣಪತಿಯ ಇಪ್ಪತ್ತೊಂದು ಪತ್ರೆಗಳಲ್ಲಿ ಸೇರಿರುವ ಮಾಚಿಪತ್ರೆಯೂ ಹೂಮಾಲೆಯ ನಡುವೆ ಘಮಘಮಿಸುವ ದವನವೂ ಅದೇ ಆರ್ಟಿಮೀಸಿಯ ಕುಲದವು. ಅಲ್ಲಿನ ಮಾರ್ಜೋರಮ್ ನಮ್ಮ ಮರುಗವೇ. ಥೈಮ್‌ನ ಘಾಟು ವಾಸನೆಗೆ ಕಾರಣವಾದ ಥೈಮಾಲ್, ಕಾರ್ವಕ್ರಾಲ್ ಎಂಬ ರಾಸಾಯನಿಕಗಳು ದೊಡ್ಡಪತ್ರೆಯ ದಪ್ಪ ಎಲೆಯಲ್ಲೂ ಇವೆ. ಇನ್ನು ಹುಣ್ಣಿಮೆಯ ಮಾತು: ಶೀಗೆ ಹುಣ್ಣಿಮೆಯಂದು ನಮ್ಮ ಕಡೆ ಭೂಮಿ ಹುಣ್ಣಿಮೆ. ಗದ್ದೆಯಲ್ಲಿ ಬತ್ತ ಹೊಡೆಯಾಗುವ ಕಾಲ, ಭೂಮಿತಾಯಿ ಬಸುರಿ ಎಂಬ ನಂಬಿಕೆ. ಅವಳ ಬಯಕೆ ತೀರಿಸಲು ಬೇಲಿ, ಬೆಟ್ಟ, ಹಿತ್ತಿಲುಗಳಿಂದ ಹತ್ತಾರು ಬಗೆಯ ಸೊಪ್ಪು ಕೊಯ್ದು ತಂದು ಬೇಯಿಸುತ್ತಾರೆ. ಚಿತ್ತಾರ ಬರೆದ ಭೂಮಣ್ಣಿ ಬುಟ್ಟಿಯಲ್ಲಿ ಅದನ್ನು ಹೊತ್ತೊಯ್ದು ಗದ್ದೆಗೆ ಬೀರುತ್ತಾರೆ. ದೀವರ ಮನೆಗಳಲ್ಲಿ ಈ ಬುಟ್ಟಿಗೆ ಬಣ್ಣ ಹಚ್ಚುವ ಕೆಲಸ ಹಬ್ಬಕ್ಕೆ ಬಹಳ ಮೊದಲೇ ಶುರುವಾಗುತ್ತದೆ. ದೀಪಾವಳಿಯ ನೀರು ತುಂಬುವ ಹಬ್ಬಕ್ಕೆ ಹಂಡೆಯ ಕಂಠಕ್ಕೆ ಸುತ್ತಲು ಹಿಂಡ್ಲೆಕಾಯಿ ಬಳ್ಳಿ ಬೇಕು, ತುಳಸಿ ಮದುವೆಗೆ ಕಾಯಿ ಬಿಟ್ಟ ನೆಲ್ಲಿ ಕೊಂಬೆ ಬೇಕು. ಪೂಜೆಗೂ ಮದ್ದಿಗೂ ಊಟಕ್ಕೂ ಒಂದೇ ಗಿಡ ಒದಗುವ ತೋಟ ಇಲ್ಲಿಗೆ ಹೊಸತಲ್ಲ. ಹೊಸಬರಿಗೆ ಬೇಕಾದದ್ದು ಯಾವ ಗಿಡವನ್ನು ಎಲ್ಲಿ ಇಡಬೇಕೆಂಬ ತಿಳಿವಳಿಕೆ.

ನೀರು ನೋಡಿ ಗಿಡ

ಮಲೆನಾಡಿನಲ್ಲಿ ಜಾಗವನ್ನು ಆರಿಸುವುದು ಬಿಸಿಲಿಗಿಂತ ಹೆಚ್ಚಾಗಿ ನೀರಿನ ಲೆಕ್ಕದಲ್ಲಿ. ಮಳೆ ಎಲ್ಲಿ ಬೀಳುತ್ತದೆ, ಎಲ್ಲಿ ಹರಿಯುತ್ತದೆ, ಎಲ್ಲಿ ನಿಲ್ಲುತ್ತದೆ ಎಂದು ಒಂದು ಜೋರು ಮಳೆಯ ದಿನ ಮನೆ ಸುತ್ತ ನೋಡಿ ಬಂದರೆ ತೋಟದ ನಕ್ಷೆ ಅರ್ಧ ಸಿದ್ಧವಾದಂತೆ.

ಅಂಗಳದ ತುಳಸಿಯನ್ನು ಕಟ್ಟೆಯ ಮೇಲೆ ಇಡುವುದರಲ್ಲಿ ಭಕ್ತಿಯಷ್ಟೇ ಬೇಸಾಯದ ಜಾಣತನವೂ ಇದೆ: ಎತ್ತರದ ಮಣ್ಣಿನಲ್ಲಿ ನೀರು ನಿಲ್ಲದು, ಬೇರು ಕೊಳೆಯದು. ಆದರೂ ಹುಯ್ಯುವ ಮಳೆಗೆ ತುಳಸಿ ಸೊರಗುತ್ತದೆ. ಬೇಸಿಗೆಯಲ್ಲೇ ಒಣಗಿದ ತೆನೆ ತಿಕ್ಕಿ ಬೀಜ ಎತ್ತಿಟ್ಟುಕೊಂಡರೆ ಮುಂದಿನ ಸಸಿಗೆ ಚಿಂತೆಯಿಲ್ಲ.

ಮಾಡಿನಡಿ, ಹನಿ ಬೀಳುವ ಗೆರೆಯಿಂದ ಒಳಗೆ, ದೊಡ್ಡಪತ್ರೆ, ಲೋಳೆಸರ, ಮರುಗ, ದವನದ ಚಟ್ಟಿಗಳಿಗೆ ಜಾಗ. ದೊಡ್ಡಪತ್ರೆ ಗೇಣುದ್ದದ ಕಡ್ಡಿ ಚುಚ್ಚಿದರೂ ಬರುತ್ತದೆ, ಕೆಡುವುದು ನೀರು ಹೆಚ್ಚಾದಾಗ ಮಾತ್ರ.

ಬಚ್ಚಲ ನೀರು ಹರಿದು ಹೋಗುವ ಹಾದಿ ಒಂದೆಲಗಕ್ಕೆ ಹೇಳಿ ಮಾಡಿಸಿದ ತಾಣ. ಒಂದು ಬಳ್ಳಿ ನೆಟ್ಟರೆ ಗೆಣ್ಣು ಗೆಣ್ಣಿಗೆ ಬೇರು ಬಿಟ್ಟು ನೆಲ ಹಬ್ಬುತ್ತದೆ. ಆದರೆ ಈಗ ಬಚ್ಚಲಿಂದ ಬರುವುದು ಸೀಗೆಪುಡಿಯ ನೀರಲ್ಲ. ಡಿಟರ್ಜೆಂಟ್ ಹರಿಯುವ ಕಡೆ ಬೆಳೆದ ಸೊಪ್ಪನ್ನು ತಿನ್ನಬಾರದು. ಅಕ್ಕಿ, ತರಕಾರಿ ತೊಳೆದ ನೀರನ್ನಷ್ಟೇ ಬೇರೆ ಹಾದಿಯಲ್ಲಿ ಒಂದೆಲಗದ ಕಡೆ ತಿರುಗಿಸಿಕೊಂಡರೆ ಸಾಕು. ಅಡಕೆ ತೋಟದ ಬಸಿಗಾಲುವೆಯ ಅಂಚು ಸದಾ ಕೆಸರಾಗಿದ್ದರೆ ಬಜೆ ಅಲ್ಲಿ ಸೊಗಸಾಗಿ ಬರುತ್ತದೆ.

ಬೇಲಿಗೆ ಲಕ್ಕಿ ಮತ್ತು ಆಡುಸೋಗೆ. ಎರಡೂ ಗೂಟ ನೆಟ್ಟರೆ ಚಿಗುರುವ ಗಿಡಗಳು, ದನ ಬಾಯಿ ಹಾಕುವುದಿಲ್ಲ. ಲಕ್ಕಿ ಸೊಪ್ಪು ಬಾಣಂತಿಯ ಸ್ನಾನದ ನೀರಿಗೂ, ಹೊಗೆಯಾಡಿಸಿ ಸೊಳ್ಳೆ ಓಡಿಸಲಿಕ್ಕೂ, ಪಣತದ ಕಾಳಿಗೆ ಹುಳ ತಾಗದಂತೆ ಇಡಲಿಕ್ಕೂ ಬರುತ್ತದೆ. ಗಣಪತಿಯ ಪತ್ರೆಗಳಲ್ಲಿ ಸಿಂಧುವಾರವೆಂದು ಕರೆಸಿಕೊಳ್ಳುವುದೂ ಇದೇ. ಕೆಮ್ಮಿಗೆ ಹೆಸರಾದ ಆಡುಸೋಗೆಯ ಎಲೆಯಲ್ಲಿರುವ ವಾಸಿಸಿನ್ ಎಂಬ ಅಂಶದ ಜಾಡು ಹಿಡಿದೇ ಇಂದಿನ ಕೆಮ್ಮಿನ ಸಿರಪ್‌ಗಳ ಬ್ರೋಮ್‌ಹೆಕ್ಸಿನ್ ತಯಾರಾದದ್ದು. ಗರ್ಭಿಣಿಯರು ಮಾತ್ರ ಆಡುಸೋಗೆಯಿಂದ ದೂರ ಇರಬೇಕು.

ಕಾಯುವ ಬಳ್ಳಿ, ಕಾಡುವ ಬೇರು

ಹಾವು ಹತ್ತಿರ ಬಾರದೆಂದು ಮನೆ ಬಳಿ ಈಶ್ವರಿ ಬಳ್ಳಿ ಹಬ್ಬಿಸುವವರಿದ್ದಾರೆ. ವಿಕ್ಕಾದವರ ಭಾಷೆಯಲ್ಲಿ ಹೇಳುವುದಾದರೆ ಇದು ರಕ್ಷಣೆಯ ಗಿಡ. ಬೆಳೆಸಲು ಅಡ್ಡಿಯಿಲ್ಲ, ನುಂಗುವುದು ಬೇಡ: ಇದರಲ್ಲಿರುವ ಅರಿಸ್ಟೊಲೋಕಿಕ್ ಆಮ್ಲ ಮೂತ್ರಪಿಂಡಕ್ಕೆ ಮಾರಕ, ಕ್ಯಾನ್ಸರಿಗೂ ಕಾರಣ. ಆದರೆ ಕರ್ನಾಟಕದ ರಾಜ್ಯ ಚಿಟ್ಟೆ ಸದರ್ನ್ ಬರ್ಡ್‌ವಿಂಗ್ ಇದೇ ಬಳ್ಳಿಯ ಬಂಧುಬಳಗದ ಮೇಲೆ ಮೊಟ್ಟೆಯಿಡುತ್ತದೆ. ಹಾವು ಬರುತ್ತದೋ ಬಿಡುತ್ತದೋ, ಕಪ್ಪು ಹಳದಿ ರೆಕ್ಕೆಯ ಅತಿಥಿಯಂತೂ ಬರಬಹುದು.

ಮಕ್ಕಳಿಗೆ ತೇಯ್ದು ನೆಕ್ಕಿಸುವ ಬಜೆಯನ್ನೂ ವೈದ್ಯರನ್ನು ಕೇಳದೆ ಕೊಡುವುದು ಸರಿಯಲ್ಲ. ಅದರಲ್ಲಿನ ಅಸರೋನ್ ಕಾರಣಕ್ಕೆ ಅಮೆರಿಕ 1968ರಲ್ಲೇ ಆಹಾರದಲ್ಲಿ ಬಜೆಯನ್ನು ನಿಷೇಧಿಸಿತು. ವಿಟಮಿನ್ ಸೊಪ್ಪೆಂದು ಬೇಲಿಬದಿಯಲ್ಲಿ ಬೆಳೆಯುವ ಚಕ್ರಮುನಿ ಬೇಯಿಸಿ ಹಿತಮಿತವಾಗಿ ತಿಂದರೆ ಒಳ್ಳೆಯ ಪಲ್ಯ. ತೈವಾನಿನಲ್ಲಿ 1990ರ ದಶಕದಲ್ಲಿ ತೂಕ ಇಳಿಸಲೆಂದು ಅದರ ಹಸಿ ರಸವನ್ನು ದಿನಾ ಕುಡಿದವರ ಶ್ವಾಸಕೋಶವೇ ಕೆಟ್ಟಿತು. ಪತ್ರೆಪೂಜೆಗೆ ಬೇಕೆಂದು ದತ್ತೂರ, ಕಣಗಿಲೆ ನೆಡುವವರು ಪುಟ್ಟ ಮಕ್ಕಳಿರುವ ಮನೆಯಾದರೆ ಆ ಆಸೆ ಬಿಡುವುದು ಲೇಸು.

ಯಾವಾಗ, ಯಾರಿಂದ

ಮೃಗಶಿರ ಮಳೆ ಹಿಡಿದಾಗ ಲಕ್ಕಿ, ಆಡುಸೋಗೆ, ಅಮೃತಬಳ್ಳಿಯ ಕಡ್ಡಿ ನೆಡಬೇಕು. ಪುನರ್ವಸು, ಪುಷ್ಯದ ಅಬ್ಬರದಲ್ಲಿ ಹೊಸ ಸಸಿಗೆ ಕೈ ಹಾಕದಿರುವುದೇ ಕ್ಷೇಮ. ತುಳಸಿ, ದವನ, ಮರುಗದಂಥ ಮೆದು ಗಿಡಗಳ ಪಾಳಿ ಉತ್ತರೆ, ಹಸ್ತೆಯ ಹೊತ್ತಿಗೆ ಬಿಸಿಲು ಬಿದ್ದ ಮೇಲೆ.

ಗಿಡ ತರಲು ಕಾಡಿಗೆ ಹೋಗುವ ಅಗತ್ಯವಿಲ್ಲ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನಕಾಯಿಲೆ ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳಿಗೂ ಹೊಸದಲ್ಲ. 2019ರ ಹೊತ್ತಿಗೆ ಸಾಗರ ತಾಲ್ಲೂಕಿನ ಅರಲಗೋಡು ಸುತ್ತ ಅದು ಜೀವ ತೆಗೆದ ನೆನಪು ಇನ್ನೂ ಹಸಿಯಾಗಿದೆ. ಅದನ್ನು ಹರಡುವ ಉಣುಗು ಹೆಚ್ಚುವ ಡಿಸೆಂಬರ್‌ನಿಂದ ಮೇ ತನಕ ಬೇರು, ದರಕು ಎಂದು ಕಾಡು ಸುತ್ತುವುದು ಅಪಾಯ. ಕಿತ್ತು ತಂದ ಕಾಡುಗಿಡ ಬದುಕುವುದೂ ಕಡಿಮೆ. ನೆರೆಮನೆಯ ಹಿತ್ತಿಲಲ್ಲಿ ಹತ್ತು ಮಳೆಗಾಲ ಕಂಡ ಗಿಡದ ಕಡ್ಡಿಗಿಂತ ಒಳ್ಳೆಯ ತಳಿ ಬೇರಿಲ್ಲ. ಜೊತೆಗೆ ಅದನ್ನು ಎಷ್ಟು ಬಳಸಬೇಕು, ಯಾರಿಗೆ ಕೊಡಬಾರದು ಎಂಬ ಬುದ್ಧಿಮಾತೂ ಬಿಟ್ಟಿ ಸಿಗುತ್ತದೆ.

ಗಿಡ ಉಳಿಸುವುದು ಗೊಬ್ಬರಕ್ಕಿಂತ ಹೆಚ್ಚಾಗಿ ಬಳಕೆ. ವಾರಕ್ಕೊಮ್ಮೆ ಎಲೆಯನ್ನು ಜೀರಿಗೆ, ಮೆಣಸಿನೊಂದಿಗೆ ತುಪ್ಪದಲ್ಲಿ ಬಾಡಿಸಿ, ಕಾಯಿತುರಿ ಸೇರಿಸಿ ರುಬ್ಬಿ, ಮಜ್ಜಿಗೆಗೆ ಕಲಸಿದರೆ ತಂಬುಳಿ. ಕೊಯ್ದ ಕಡೆ ಎರಡು ಕುಡಿ ಒಡೆಯುತ್ತವೆ, ಕೊಯ್ಯದ ದೊಡ್ಡಪತ್ರೆ ಕಾಂಡ ಬಲಿತು ಬೋಳಾಗುತ್ತದೆ. ಮೊದಲ ವರ್ಷಕ್ಕೆ ತುಳಸಿ, ದೊಡ್ಡಪತ್ರೆ, ಒಂದೆಲಗ, ಲಕ್ಕಿ, ಮಾಚಿಪತ್ರೆ ಈ ಐದು ಸಾಕು. ಊರವರು ಕಡ್ಡಿ ಕೇಳಿಕೊಂಡು ನಿಮ್ಮ ಬೇಲಿಗೆ ಬರತೊಡಗಿದರೆ ತೋಟ ಹಿಡಿಯಿತೆಂದು ತಿಳಿಯಿರಿ. ಆರನೆಯ ಗಿಡ ಅವರ ಕೈಯಲ್ಲೇ ಇರುತ್ತದೆ.