ನರ ಕತ್ತರಿಸಿದರೆ ರಕ್ತದ ಒತ್ತಡ ಇಳಿದೀತೇ?

1945ರ ಏಪ್ರಿಲ್ 12. ಅಮೆರಿಕದ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಜಾರ್ಜಿಯಾ ರಾಜ್ಯದ ವಾರ್ಮ್ ಸ್ಪ್ರಿಂಗ್ಸ್ ಎಂಬಲ್ಲಿ ವಿಶ್ರಾಂತಿ ಪಡೆಯುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ತಲೆಯಲ್ಲಿ ವಿಪರೀತ ನೋವೆಂದು ಹೇಳಿ ಕುಸಿದವರು ಮತ್ತೆ ಏಳಲಿಲ್ಲ. ವೈದ್ಯರು ಅಳೆದಾಗ ರಕ್ತದ ಒತ್ತಡದ ಮೇಲಿನ ಅಂಕಿ 300ನ್ನು ದಾಟಿತ್ತು, ಕೆಳಗಿನ ಅಂಕಿ 190ರಷ್ಟಿತ್ತು. ಮಿದುಳಿನಲ್ಲಿ ರಕ್ತಸ್ರಾವವಾಗಿತ್ತು. ಒಂದು ವರ್ಷ ಮೊದಲೇ, 1944ರ ಮಾರ್ಚ್‌ನಲ್ಲಿ, ಹೃದಯತಜ್ಞ ಹೋವರ್ಡ್ ಬ್ರೂಯೆನ್ ಅವರನ್ನು ಪರೀಕ್ಷಿಸಿ 186/108 ಎಂದು ಬರೆದಿಟ್ಟಿದ್ದರು. ರೋಗ ಇರುವುದು ಗೊತ್ತಿತ್ತು. ಅದನ್ನು ಇಳಿಸುವ ಒಳ್ಳೆಯ ಮದ್ದು ಇರಲಿಲ್ಲ. ವಿಶ್ರಾಂತಿ, ಉಪ್ಪು ಕಡಿಮೆ ಮಾಡಿದ ಊಟ, ಹೃದಯಕ್ಕೆ ಡಿಜಿಟಾಲಿಸ್, ಮನಸ್ಸು ಶಾಂತವಾಗಲು ಫೀನೋಬಾರ್ಬಿಟಾಲ್, ಇಷ್ಟೇ ಆಗ ಕೈಯಲ್ಲಿದ್ದದ್ದು.

ಇವುಗಳ ಜೊತೆಗೆ ಇನ್ನೊಂದು ದಾರಿಯೂ ಇತ್ತು, ಅದು ಶಸ್ತ್ರಕ್ರಿಯೆ. ಬೆನ್ನನ್ನು ಸೀಳಿ, ಮೂತ್ರಪಿಂಡಗಳಿಗೂ ಹೊಟ್ಟೆಯ ಇತರ ಅಂಗಗಳಿಗೂ ಹೋಗುವ ನರಗಳನ್ನು ಕತ್ತರಿಸಿ ತೆಗೆಯುವುದು. ಹೃದಯ ಮತ್ತು ರಕ್ತನಾಳಗಳ ಕಾಯಿಲೆಗೆ ಮೂತ್ರಪಿಂಡದ ನರವನ್ನು ಏಕೆ ಕತ್ತರಿಸಬೇಕು ಎಂಬ ಪ್ರಶ್ನೆ ಸಹಜ. ಉತ್ತರಕ್ಕೆ ಇನ್ನೂ ನೂರು ವರ್ಷ ಹಿಂದಕ್ಕೆ ಹೋಗಬೇಕು.

ಲಂಡನ್ನಿನ ಗೈಸ್ ಆಸ್ಪತ್ರೆಯ ವೈದ್ಯ ರಿಚರ್ಡ್ ಬ್ರೈಟ್ 1836ರಲ್ಲಿ ಒಂದು ಸಂಗತಿಯನ್ನು ಗುರುತಿಸಿದರು. ಮೂತ್ರಪಿಂಡ ಕೆಟ್ಟು ಸುಕ್ಕುಗಟ್ಟಿ ಸತ್ತವರಲ್ಲಿ ಅನೇಕರ ಹೃದಯ ದಪ್ಪಗಾಗಿರುತ್ತಿತ್ತು. 1859ರಲ್ಲಿ ಫ್ರಾನ್ಸಿನ ಶರೀರಶಾಸ್ತ್ರಜ್ಞ ಕ್ಲೋಡ್ ಬೆರ್ನಾರ್ ಪ್ರಾಣಿಗಳಲ್ಲಿ ಒಂದು ಪಕ್ಕದ ನರವನ್ನು ಕತ್ತರಿಸಿ ನೋಡಿದಾಗ, ಆ ಪಕ್ಕದ ಮೂತ್ರಪಿಂಡ ಹೆಚ್ಚು ಮೂತ್ರ ಸುರಿಸತೊಡಗಿತು. 1898ರಲ್ಲಿ ಸ್ಟಾಕ್‌ಹೋಮಿನ ಟೈಗರ್‌ಸ್ಟೆಟ್ ಮತ್ತು ಬೆರ್ಗ್‌ಮನ್ ಮೊಲದ ಮೂತ್ರಪಿಂಡದಿಂದ ಒತ್ತಡ ಏರಿಸುವ ವಸ್ತುವೊಂದನ್ನು ಪಡೆದು ಅದಕ್ಕೆ ರೆನಿನ್ ಎಂದು ಹೆಸರಿಟ್ಟರು. 1934ರಲ್ಲಿ ಹ್ಯಾರಿ ಗೋಲ್ಡ್‌ಬ್ಲಾಟ್ ನಾಯಿಗಳ ಮೂತ್ರಪಿಂಡದ ಧಮನಿಯನ್ನು ಬಿಗಿದು, ಅವುಗಳಿಗೆ ನಿರಂತರವಾದ ಏರು ಒತ್ತಡ ಬರುವುದನ್ನು ತೋರಿಸಿದರು.

ಇವೆಲ್ಲ ಕೂಡಿ ಈಗ ತಿಳಿದಿರುವ ಚಿತ್ರ ಹೀಗಿದೆ. ಗಾಬರಿ, ಸಿಟ್ಟು, ಓಟ ಇಂಥ ಸಂದರ್ಭಗಳಲ್ಲಿ ದೇಹವನ್ನು ಸಜ್ಜುಗೊಳಿಸುವ ನರವ್ಯೂಹಕ್ಕೆ ಸಿಂಪಥೆಟಿಕ್ ನರವ್ಯೂಹವೆಂದು ಹೆಸರು. ಅದರ ಎಳೆಗಳು ಬೆನ್ನುಹುರಿಯಿಂದ ಹೊರಟು, ಮೂತ್ರಪಿಂಡದ ಧಮನಿಯ ಹೊರಗೋಡೆಯನ್ನು ಬಳ್ಳಿಯಂತೆ ಹಬ್ಬಿಕೊಂಡು ಮೂತ್ರಪಿಂಡವನ್ನು ಸೇರುತ್ತವೆ. ಅವು ಚುರುಕಾದಾಗ ಮೂರು ಕೆಲಸ ನಡೆಯುತ್ತದೆ. ಮೂತ್ರಪಿಂಡ ರೆನಿನ್ ಸುರಿಸುತ್ತದೆ, ಅದರಿಂದ ದೇಹದ ರಕ್ತನಾಳಗಳು ಬಿಗಿಯುತ್ತವೆ. ಮೂತ್ರದಲ್ಲಿ ಹೋಗಬೇಕಾದ ಉಪ್ಪು ನೀರುಗಳು ರಕ್ತದಲ್ಲೇ ಉಳಿಯುತ್ತವೆ. ಮೂತ್ರಪಿಂಡದೊಳಗಿನ ನಾಳಗಳೂ ಕಿರಿದಾಗುತ್ತವೆ. ಮೂತ್ರಪಿಂಡದಿಂದ ಮಿದುಳಿಗೆ ಸುದ್ದಿ ಒಯ್ಯುವ ನರಗಳೂ ಉಂಟು. ನೊಂದ ಮೂತ್ರಪಿಂಡ ಇವುಗಳ ಮೂಲಕ ಇಡೀ ವ್ಯವಸ್ಥೆಯನ್ನು ಕೆಣಕುತ್ತದೆ. ಹಾಗಿದ್ದರೆ ಈ ನರಗಳನ್ನೇ ತುಂಡರಿಸಿಬಿಟ್ಟರೆ? ಮೂತ್ರಪಿಂಡಕ್ಕೇನೂ ಕೇಡಿಲ್ಲ. ಒಬ್ಬರ ಮೂತ್ರಪಿಂಡವನ್ನು ಇನ್ನೊಬ್ಬರಿಗೆ ಕಸಿ ಮಾಡುವಾಗ ನರಗಳೆಲ್ಲ ಕಡಿದುಹೋಗಿರುತ್ತವೆ. ಆದರೂ ಅದು ಮೂತ್ರ ಸೋಸುವ ಕೆಲಸವನ್ನು ಮಾಡುತ್ತದೆ.

ಅಮೆರಿಕದಲ್ಲಿ 1920ರ ದಶಕದಲ್ಲೇ ಇಂಥ ಶಸ್ತ್ರಕ್ರಿಯೆಗಳು ಆರಂಭವಾದವು. ಮಿಷಿಗನ್ನಿನ ಮ್ಯಾಕ್ಸ್ ಪೀಟ್, ಬಾಸ್ಟನ್ನಿನ ರೆಜಿನಾಲ್ಡ್ ಸ್ಮಿತ್‌ವಿಕ್ ಇದರಲ್ಲಿ ಪ್ರಸಿದ್ಧರಾದರು. ಸ್ಮಿತ್‌ವಿಕ್ ಅವರ ವಿಧಾನದಲ್ಲಿ ಬೆನ್ನಿನ ಎರಡೂ ಪಕ್ಕಗಳನ್ನು ತೆರೆದು ಎದೆಯಿಂದ ಸೊಂಟದವರೆಗಿನ ಸಿಂಪಥೆಟಿಕ್ ಸರಪಣಿಯನ್ನು ತೆಗೆಯಬೇಕಿತ್ತು. ಒಂದೊಂದು ಪಕ್ಕಕ್ಕೆ ಒಂದೊಂದರಂತೆ ಎರಡು ಶಸ್ತ್ರಕ್ರಿಯೆ, ವಾರಗಟ್ಟಲೆ ಆಸ್ಪತ್ರೆವಾಸ. ಮೂತ್ರಪಿಂಡದ ನರದೊಡನೆ ಕಾಲು, ಕರುಳು, ಜನನಾಂಗಗಳ ನರಗಳಿಗೂ ಪೆಟ್ಟು ಬೀಳುತ್ತಿತ್ತು. ಎದ್ದು ನಿಂತೊಡನೆ ಒತ್ತಡ ಧಡಕ್ಕನೆ ಇಳಿದು ತಲೆ ಸುತ್ತುತ್ತಿತ್ತು. ಕಾಲಿಗೆ ಬಿಗಿಯಾದ ಕಾಲುಚೀಲ, ಹೊಟ್ಟೆಗೆ ಪಟ್ಟಿ ಕಟ್ಟಿಕೊಂಡು ರೋಗಿಗಳು ಓಡಾಡಬೇಕಾಗುತ್ತಿತ್ತು. ಕೆಲವು ಗಂಡಸರು ಪುರುಷತ್ವವನ್ನೂ ಕಳೆದುಕೊಂಡರು.

ಇಷ್ಟಾದರೂ ಜನ ಒಪ್ಪಿದ್ದೇಕೆ? ಏರು ಒತ್ತಡ ಉಗ್ರರೂಪ ತಾಳಿದವರಲ್ಲಿ ಹೆಚ್ಚಿನವರಿಗೆ ಆಗ ಒಂದೆರಡು ವರ್ಷಕ್ಕಿಂತ ಹೆಚ್ಚು ಆಯುಸ್ಸಿರಲಿಲ್ಲ. ಮುಂದಿರುವುದು ಸಾವು ಎಂದಾಗ ತಲೆಸುತ್ತು ದೊಡ್ಡ ಬೆಲೆಯಲ್ಲ. 1953ರಲ್ಲಿ ಸ್ಮಿತ್‌ವಿಕ್ ಮತ್ತು ಅವರ ಸಹೋದ್ಯೋಗಿ ಥಾಂಪ್ಸನ್ 1,266 ರೋಗಿಗಳ ಲೆಕ್ಕ ಕೊಟ್ಟರು. ಶಸ್ತ್ರಕ್ರಿಯೆಯಾದವರಲ್ಲಿ ಐದು ವರ್ಷದೊಳಗೆ ತೀರಿಕೊಂಡವರು ಶೇ 19. ಶಸ್ತ್ರಕ್ರಿಯೆಯಿಲ್ಲದೆ ಚಿಕಿತ್ಸೆ ಪಡೆದ 467 ಜನರಲ್ಲಿ ಶೇ 54.

ಮೇಲುನೋಟಕ್ಕೆ ಇದು ದೊಡ್ಡ ಗೆಲುವು. ಆದರೆ ಲೆಕ್ಕದಲ್ಲೊಂದು ತೊಡಕಿತ್ತು. ಯಾರಿಗೆ ಶಸ್ತ್ರಕ್ರಿಯೆ, ಯಾರಿಗೆ ಇಲ್ಲ ಎಂಬುದನ್ನು ಚೀಟಿ ಎತ್ತಿ ತೀರ್ಮಾನಿಸಿರಲಿಲ್ಲ. ರೋಗಿಗಳನ್ನು ಹಾಗೆ ಹಂಚಿ ಪರೀಕ್ಷಿಸುವ ಪದ್ಧತಿ ಬ್ರಿಟನ್ನಿನಲ್ಲಿ ಕ್ಷಯದ ಔಷಧಿ ಸ್ಟ್ರೆಪ್ಟೊಮೈಸಿನ್ ವಿಷಯದಲ್ಲಿ 1948ರಲ್ಲಷ್ಟೇ ಹೆಸರು ಮಾಡಿತ್ತು. ಎರಡು ಗುಂಪುಗಳು ಮೊದಲೇ ಸಮನಾಗಿರದಿದ್ದರೆ, ಬದುಕಿ ಉಳಿದದ್ದು ಚಾಕುವಿನ ಗುಣವೋ ರೋಗಿಯ ಗಟ್ಟಿತನವೋ ಹೇಳುವುದು ಕಷ್ಟ.

ಆ ಪ್ರಶ್ನೆ ತೀರ್ಮಾನವಾಗುವ ಮೊದಲೇ ಮಾತ್ರೆಗಳು ಬಂದವು. ಅದರಲ್ಲಿ ನಮ್ಮ ದೇಶದ ಪಾಲೂ ಇದೆ. ಆಯುರ್ವೇದಕ್ಕೆ ಹಳೆಯ ಪರಿಚಯವಾಗಿದ್ದ ಸರ್ಪಗಂಧದ ಬೇರನ್ನು ಮುಂಬಯಿಯ ವೈದ್ಯ ರುಸ್ತುಮ್ ಜಾಲ್ ವಕೀಲ್ ಒತ್ತಡದ ರೋಗಿಗಳಿಗೆ ಕೊಟ್ಟು, 50 ಜನರಲ್ಲಿ ಕಂಡ ಫಲವನ್ನು 1949ರಲ್ಲಿ ಬ್ರಿಟಿಷ್ ಹೃದಯ ಪತ್ರಿಕೆಯಲ್ಲಿ ಪ್ರಕಟಿಸಿದರು. 1952ರಲ್ಲಿ ಸ್ವಿಟ್ಜರ್‌ಲೆಂಡಿನ ರಸಾಯನವಿಜ್ಞಾನಿಗಳು ಅದೇ ಬೇರಿನಿಂದ ರಿಸರ್ಪಿನ್ ಎಂಬ ಸಾರವನ್ನು ಬೇರ್ಪಡಿಸಿದರು. ಚಾಕು ಯಾವ ನರವ್ಯೂಹವನ್ನು ಕತ್ತರಿಸುತ್ತಿತ್ತೋ ಅದನ್ನೇ ಈ ಮದ್ದು ಮಂಕಾಗಿಸುತ್ತಿತ್ತು. 1950ರ ದಶಕದ ಕೊನೆಗೆ, ಉಪ್ಪು ನೀರನ್ನು ಹೊರಹಾಕುವ ಕ್ಲೋರೊಥಯಾಜೈಡ್ ಬಂತು. ನರ ಕತ್ತರಿಸುವ ಶಸ್ತ್ರಕ್ರಿಯೆ ಮೂಲೆ ಸೇರಿತು.

ಅರ್ಧ ಶತಮಾನದ ನಂತರ ಅದು ಬೇರೆ ವೇಷದಲ್ಲಿ ಮರಳಿತು. 2009ರಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನ್‌ನ ಹೆನ್ರಿ ಕ್ರಮ್ ಮತ್ತು ಸಂಗಡಿಗರು ಹೊಸ ವಿಧಾನವೊಂದರ ಮೊದಲ ಫಲಿತಾಂಶ ಪ್ರಕಟಿಸಿದರು. ಬೆನ್ನು ಸೀಳುವಂತಿಲ್ಲ. ತೊಡೆಯ ಸಂದಿನ ಧಮನಿಯಲ್ಲಿ ತೆಳುವಾದ ಕೊಳವೆಯನ್ನು, ಅಂದರೆ ಕ್ಯಾಥೆಟರನ್ನು, ತೂರಿಸಿ, ಎಕ್ಸ್-ರೇಯಲ್ಲಿ ನೋಡುತ್ತ ಮೂತ್ರಪಿಂಡದ ಧಮನಿಯವರೆಗೆ ಒಯ್ಯುತ್ತಾರೆ. ಅದರ ತುದಿಯಿಂದ ರೇಡಿಯೋ ತರಂಗದ ಶಾಖ ಕೊಟ್ಟು ಗೋಡೆಯ ಆಚೆಗಿರುವ ನರಗಳನ್ನು ಸುಡುತ್ತಾರೆ. ಬೇರೆ ಬಗೆಯ ಉಪಕರಣದಲ್ಲಿ ಶಾಖಕ್ಕೆ ಅಲ್ಟ್ರಾಸೌಂಡ್ ಬಳಸುತ್ತಾರೆ. ಮೂತ್ರಪಿಂಡದ ನರವಷ್ಟೇ ಗುರಿಯಾದ್ದರಿಂದ ಹಳೆಯ ಶಸ್ತ್ರಕ್ರಿಯೆಯ ಕಷ್ಟಗಳಿಲ್ಲ.

2010ರಲ್ಲಿ ಪ್ರಕಟವಾದ 106 ರೋಗಿಗಳ ಪರೀಕ್ಷೆಯಲ್ಲಿ, ಚಿಕಿತ್ಸೆಯಾದವರ ಮೇಲಿನ ಅಂಕಿ ಆರು ತಿಂಗಳಲ್ಲಿ 32 ಮಿಲಿಮೀಟರಿನಷ್ಟು ಇಳಿಯಿತು. ಚಿಕಿತ್ಸೆಯಾಗದವರಲ್ಲಿ ಬದಲಾವಣೆ ಕಾಣಲಿಲ್ಲ. ಮೂರು ನಾಲ್ಕು ಮಾತ್ರೆ ನುಂಗಿಯೂ ಒತ್ತಡ ಇಳಿಯದವರಿಗೆ ಇದು ವರವೆಂದೇ ಅನೇಕರು ಭಾವಿಸಿದರು. ಆದರೆ ಇಲ್ಲಿಯೂ ಒಂದು ತೊಡಕಿತ್ತು. ಈ ಸಲ ಚೀಟಿ ಎತ್ತಿದ್ದರು, ನಿಜ. ಆದರೆ ತನಗೆ ಚಿಕಿತ್ಸೆ ಆಗಿದೆಯೋ ಇಲ್ಲವೋ ಎಂಬುದು ಪ್ರತಿಯೊಬ್ಬ ರೋಗಿಗೂ ಗೊತ್ತಿತ್ತು.

ಅದು ಏಕೆ ಮುಖ್ಯ ಎಂಬುದಕ್ಕೆ ಹಳೆಯ ನಿದರ್ಶನವೊಂದಿದೆ. ಎದೆನೋವಿಗೆಂದು ಎದೆಗೂಡಿನ ಒಳಭಾಗದ ಧಮನಿಯನ್ನು ಕಟ್ಟುವ ಶಸ್ತ್ರಕ್ರಿಯೆ 1950ರ ದಶಕದಲ್ಲಿ ಜನಪ್ರಿಯವಾಗಿತ್ತು. 1959ರಲ್ಲಿ ಅಮೆರಿಕದ ವೈದ್ಯ ಲೆನಾರ್ಡ್ ಕಾಬ್ ಮತ್ತು ಸಂಗಡಿಗರು 17 ರೋಗಿಗಳಲ್ಲಿ ಕೆಲವರಿಗೆ ಧಮನಿಯನ್ನು ನಿಜವಾಗಿ ಕಟ್ಟಿ, ಉಳಿದವರಿಗೆ ಚರ್ಮವನ್ನಷ್ಟೇ ಸೀಳಿ ಹೊಲಿದರು. ಯಾರಿಗೆ ಯಾವುದು ಎಂಬುದನ್ನು ರೋಗಿಗೆ ಹೇಳಲಿಲ್ಲ. ಎರಡೂ ಗುಂಪಿನವರಿಗೆ ನೋವು ಕಡಿಮೆಯಾಯಿತು! ಆ ಶಸ್ತ್ರಕ್ರಿಯೆಯ ಕಥೆ ಅಲ್ಲಿಗೆ ಮುಗಿಯಿತು.

ಮೂತ್ರಪಿಂಡದ ನರದ ವಿಷಯದಲ್ಲೂ ಇಂಥ ಪರೀಕ್ಷೆ ಅಮೆರಿಕದಲ್ಲಿ ನಡೆದು 2014ರಲ್ಲಿ ಹೊರಬಂತು. ಒಟ್ಟು 535 ರೋಗಿಗಳು. ಮೂರನೇ ಒಂದು ಪಾಲಿಗೆ ಕೊಳವೆ ತೂರಿಸಿ ಧಮನಿಯ ಚಿತ್ರ ತೆಗೆದದ್ದಷ್ಟೇ, ನರ ಸುಡಲಿಲ್ಲ. ಆರು ತಿಂಗಳ ನಂತರ ನರ ಸುಟ್ಟವರಲ್ಲಿ ಒತ್ತಡ ಸುಮಾರು 14 ಮಿಲಿಮೀಟರ್ ಇಳಿದಿತ್ತು. ಏನೂ ಮಾಡದವರಲ್ಲಿಯೂ ಸುಮಾರು 12 ಇಳಿದಿತ್ತು! ವೈದ್ಯರು ಗಮನಿಸುತ್ತಿದ್ದಾರೆ ಎಂದಾಗ ರೋಗಿ ಮಾತ್ರೆಯನ್ನು ತಪ್ಪದೆ ನುಂಗುತ್ತಾನೆ, ಊಟದಲ್ಲಿ ಹಿಡಿತ ತರುತ್ತಾನೆ, ಧೈರ್ಯ ತಾಳುತ್ತಾನೆ. ಜೊತೆಗೆ, ತೀರ ಏರಿದ ದಿನ ಅಳೆದ ಒತ್ತಡ ಮುಂದಿನ ಸಲ ತಾನಾಗಿಯೇ ಸ್ವಲ್ಪ ಇಳಿದಿರುತ್ತದೆ. ಇದೆಲ್ಲವೂ ಚಿಕಿತ್ಸೆಯ ಖಾತೆಗೆ ಜಮೆಯಾಗುತ್ತಿತ್ತು.

ಸಂಶೋಧಕರು ಸುಮ್ಮನಾಗಲಿಲ್ಲ. ಮಾಡಿದವರಲ್ಲಿ ಅನೇಕರು ಹೊಸಬರಾಗಿದ್ದರು, ಧಮನಿಯ ಸುತ್ತ ಎಲ್ಲ ಕಡೆಯ ನರಗಳೂ ಸುಟ್ಟಿರಲಿಕ್ಕಿಲ್ಲ, ನಡುವೆ ಮಾತ್ರೆಗಳೂ ಬದಲಾಗಿದ್ದವು ಎಂದು ದೋಷಗಳನ್ನು ಪಟ್ಟಿ ಮಾಡಿದರು. ಉಪಕರಣಗಳನ್ನು ತಿದ್ದಿ, ದಿನವಿಡೀ ಒತ್ತಡ ಅಳೆಯುವ ಯಂತ್ರವನ್ನು ರೋಗಿಗೆ ಕಟ್ಟಿ, ಹುಸಿ ಚಿಕಿತ್ಸೆಯ ಗುಂಪನ್ನು ಇಟ್ಟುಕೊಂಡೇ ಮತ್ತೆ ಪರೀಕ್ಷಿಸಿದರು. 2020ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ, ಹುಸಿ ಚಿಕಿತ್ಸೆಗಿಂತ ನಿಜ ಚಿಕಿತ್ಸೆಯಿಂದ 24 ಗಂಟೆಯ ಸರಾಸರಿ ಒತ್ತಡದಲ್ಲಿ ಹೆಚ್ಚಾಗಿ ಇಳಿದದ್ದು ಸುಮಾರು 4 ಮಿಲಿಮೀಟರ್. ಈ ಬಗೆಯ ಫಲಿತಾಂಶಗಳ ಆಧಾರದ ಮೇಲೆ 2023ರ ನವೆಂಬರ್‌ನಲ್ಲಿ ಅಮೆರಿಕದ ಔಷಧಿ ಇಲಾಖೆ ಅಂಥ ಎರಡು ಉಪಕರಣಗಳಿಗೆ ಒಪ್ಪಿಗೆ ಕೊಟ್ಟಿತು.

ಮೂವತ್ತೆರಡು ಎಂದು ಶುರುವಾದದ್ದು ನಾಲ್ಕಕ್ಕೆ ಬಂದು ನಿಂತಿತು. ನಿರಾಶೆ ಪಡಬೇಕಾಗಿಲ್ಲ. ಮಾತ್ರೆಗಳ ಅಧ್ಯಯನಗಳಲ್ಲಿ, ಮೇಲಿನ ಅಂಕಿ ಕೇವಲ 5 ಮಿಲಿಮೀಟರ್ ಇಳಿದರೂ ಹೃದಯಾಘಾತ, ಪಾರ್ಶ್ವವಾಯುವಿನಂಥ ಅನಾಹುತಗಳು ಸುಮಾರು ಶೇ 10ರಷ್ಟು ತಗ್ಗುತ್ತವೆ ಎಂದು ಕಂಡುಬಂದಿದೆ. ಈ ಚಿಕಿತ್ಸೆಯ ಶಕ್ತಿ ಹೆಚ್ಚುಕಡಿಮೆ ಒಂದು ಮಾತ್ರೆಯಷ್ಟು. ವ್ಯತ್ಯಾಸವೆಂದರೆ, ಈ ಮಾತ್ರೆಯನ್ನು ನುಂಗಲು ಮರೆಯುವಂತಿಲ್ಲ. ಆದರೆ ಇದು ಎಲ್ಲರಲ್ಲೂ ಸಮನಾಗಿ ಫಲಿಸುವುದಿಲ್ಲ. ಯಾರಲ್ಲಿ ಫಲಿಸೀತು ಎಂದು ಮೊದಲೇ ಹೇಳುವ ಖಚಿತ ಪರೀಕ್ಷೆಯೂ ಇಲ್ಲ. ಹೆಚ್ಚಿನವರು ಇದಾದ ಮೇಲೂ ಮಾತ್ರೆ ಬಿಡುವಂತಿಲ್ಲ. ಆದ್ದರಿಂದಲೇ ತಜ್ಞರು ಇದನ್ನು ಮಾತ್ರೆಗಳಿಗೆ ಬಗ್ಗದ ಒತ್ತಡದವರಿಗೆ, ಮಾತ್ರೆ ಒಗ್ಗದವರಿಗೆ ಮೀಸಲಿಡುವಂತೆ ಹೇಳುತ್ತಾರೆ.

"ಒಂದೇ ಸಲ ಮಾಡಿಸಿಕೊಂಡರೆ ಸಾಕು" ಎನ್ನುವ ಚಿಕಿತ್ಸೆಗೆ ಸೆಳೆತ ಹೆಚ್ಚು. ನರ ಕತ್ತರಿಸಿದ್ದು ನಿಜ, ಒತ್ತಡ ಇಳಿದದ್ದೂ ನಿಜ. ಆದರೆ ಇಳಿದದ್ದು ಕತ್ತರಿಸಿದ್ದರಿಂದಲೇ ಎಂದು ತೋರಿಸಲು ಸುಮಾರು ತೊಂಬತ್ತು ವರ್ಷ ಬೇಕಾಯಿತು. ಅದನ್ನು ಸಾಧ್ಯವಾಗಿಸಿದವರಲ್ಲಿ, ತಮಗೆ ನಿಜ ಚಿಕಿತ್ಸೆಯೇ ಸಿಗದಿರಬಹುದೆಂದು ತಿಳಿದೂ ಒಪ್ಪಿ ಮೇಜಿನ ಮೇಲೆ ಮಲಗಿದ ನೂರಾರು ರೋಗಿಗಳೂ ಇದ್ದಾರೆ.