ಆಹಾರ ಸಂಗ್ರಹಣೆಯ ಪ್ಲಾಸ್ಟಿಕ್ ಡಬ್ಬಿಗಳು

ಆಹಾರ ಸಂಗ್ರಹಣೆಯ ಪ್ಲಾಸ್ಟಿಕ್ ಡಬ್ಬಿಗಳು ಎಂದರೆ ಅಡುಗೆಮನೆಯಲ್ಲಿ ದವಸಧಾನ್ಯ, ಹಿಟ್ಟು, ಮಸಾಲೆಪುಡಿ, ಕುರುಕಲು ತಿಂಡಿ, ತರಕಾರಿ ಹಾಗೂ ಬೇಯಿಸಿದ ಆಹಾರವನ್ನು ಕೆಡದಂತೆ ಇರಿಸಲು ಬಳಸುವ, ಮುಚ್ಚಳವಿರುವ ಪಾತ್ರೆಗಳು. ಹಗುರವಾಗಿರುವುದು, ಬಿದ್ದರೆ ಸುಲಭವಾಗಿ ಒಡೆಯದಿರುವುದು, ತುಕ್ಕು ಹಿಡಿಯದಿರುವುದು ಮತ್ತು ಕಡಿಮೆ ಬೆಲೆಗೆ ದೊರೆಯುವುದು ಇವುಗಳ ಜನಪ್ರಿಯತೆಗೆ ಕಾರಣಗಳಾಗಿವೆ. ಆದರೆ ಪ್ಲಾಸ್ಟಿಕ್ ಎಂಬುದು ಒಂದೇ ವಸ್ತುವಲ್ಲ. ಅದು ಬೇರೆ ಬೇರೆ ಗುಣಗಳುಳ್ಳ ಹಲವು ವಸ್ತುಗಳ ಸಾಮಾನ್ಯ ಹೆಸರು. ಒಂದು ಬಗೆಯ ಪ್ಲಾಸ್ಟಿಕ್ ಕುದಿಯುವ ನೀರಿನ ಶಾಖವನ್ನು ತಡೆದುಕೊಂಡರೆ, ಮತ್ತೊಂದು ಅದಕ್ಕಿಂತ ಬಹಳ ಕಡಿಮೆ ಶಾಖದಲ್ಲೇ ಸೊಟ್ಟಗಾಗುತ್ತದೆ. ಆದ್ದರಿಂದ ಡಬ್ಬಿಯ ಆಯ್ಕೆಯು ಅದರಲ್ಲಿ ಇಡುವ ಪದಾರ್ಥದ ಸ್ವಭಾವ, ಅದರ ಬಿಸಿ ಮತ್ತು ಅದನ್ನು ಇಡುವ ಅವಧಿಯನ್ನು ಅವಲಂಬಿಸಿದೆ.

ಆಹಾರ ಕೆಡುವ ಬಗೆ

ಡಬ್ಬಿಯು ತಾನಾಗಿ ಆಹಾರವನ್ನು ಸಂರಕ್ಷಿಸುವುದಿಲ್ಲ. ಆಹಾರವನ್ನು ಕೆಡಿಸುವ ಅಂಶಗಳನ್ನು ಹೊರಗಿರಿಸುವುದಷ್ಟೇ ಅದರ ಕೆಲಸ. ಈ ಅಂಶಗಳು ಮುಖ್ಯವಾಗಿ ನಾಲ್ಕು.

ತೇವಾಂಶ: ಚಕ್ಕುಲಿ, ಕೋಡುಬಳೆ, ಹಪ್ಪಳ, ಅವಲಕ್ಕಿ ಮುಂತಾದವು ಗಾಳಿಯಲ್ಲಿನ ತೇವವನ್ನು ಹೀರಿ ಮೆತ್ತಗಾಗುತ್ತವೆ. ಸಾರಿನ ಪುಡಿ, ಉಪ್ಪು, ಬೆಲ್ಲ ಗಂಟುಕಟ್ಟುತ್ತವೆ ಅಥವಾ ನೀರೊಡೆಯುತ್ತವೆ. ಮಲೆನಾಡು ಮತ್ತು ಕರಾವಳಿಯ ಮಳೆಗಾಲದಲ್ಲಿ ಇದು ಹೆಚ್ಚು.

ಆಮ್ಲಜನಕ: ಎಣ್ಣೆಯ ಅಂಶವಿರುವ ಕೊಬ್ಬರಿ, ಕಡಲೆಕಾಯಿ ಬೀಜ, ಎಳ್ಳು, ಕರಿದ ತಿಂಡಿಗಳು ಆಮ್ಲಜನಕದ ಸಂಪರ್ಕದಿಂದ ಕಮಟು ವಾಸನೆ ಹಿಡಿಯುತ್ತವೆ. ಬೆಳಕು ಮತ್ತು ಶಾಖ ಈ ಕ್ರಿಯೆಯನ್ನು ಚುರುಕುಗೊಳಿಸುತ್ತವೆ.

ಕೀಟಗಳು: ರವೆ, ಹಿಟ್ಟು, ಬೇಳೆಗಳಲ್ಲಿ ಕಾಣಿಸುವ ಹುಳುಗಳ ಮೊಟ್ಟೆಗಳು ಅನೇಕ ವೇಳೆ ಅಂಗಡಿಯಿಂದ ತಂದ ಪೊಟ್ಟಣದಲ್ಲೇ ಇರುತ್ತವೆ. ಬಿಗಿಯಾದ ಡಬ್ಬಿಯು ಹೊರಗಿನಿಂದ ಹುಳು ಬರುವುದನ್ನು ತಡೆಯುತ್ತದೆಯೇ ಹೊರತು ಒಳಗಿರುವ ಮೊಟ್ಟೆಗಳನ್ನು ನಾಶಮಾಡುವುದಿಲ್ಲ. ಹುರಿದು ಆರಿಸಿಡುವುದು, ಬಿಸಿಲಿಗೆ ಒಣಗಿಸುವುದು ಅಥವಾ ಕೆಲವು ದಿನ ಫ್ರೀಜರಿನಲ್ಲಿಟ್ಟು ತೆಗೆಯುವುದು ಇದಕ್ಕೆ ರೂಢಿಯಲ್ಲಿರುವ ಉಪಾಯಗಳು.

ಸೂಕ್ಷ್ಮಜೀವಿಗಳು: ಬೇಯಿಸಿದ ಆಹಾರವನ್ನು ಕೆಡಿಸುವ ಬ್ಯಾಕ್ಟೀರಿಯಾಗಳು 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ವೇಗವಾಗಿ ಬೆಳೆಯುತ್ತವೆ. ಇವುಗಳ ತಡೆಗೆ ಡಬ್ಬಿಯ ಬಿಗಿತಕ್ಕಿಂತ ಆಹಾರವನ್ನು ಬೇಗ ತಣಿಸುವುದು ಮುಖ್ಯ.

ಇತಿಹಾಸ

ಪ್ಲಾಸ್ಟಿಕ್ ಬರುವ ಮೊದಲು ಕರ್ನಾಟಕದ ಮನೆಗಳಲ್ಲಿ ಮಣ್ಣಿನ ಮಡಕೆ, ಹಿತ್ತಾಳೆಯ ಡಬ್ಬ, ತಗಡಿನ ಡಬ್ಬ ಹಾಗೂ ಗಾಜಿನ ಬಾಟಲಿಗಳು ಬಳಕೆಯಲ್ಲಿದ್ದವು. ಉಪ್ಪಿನಕಾಯಿಗೆ ಪಿಂಗಾಣಿ ಜಾಡಿಯೇ ಮೀಸಲಾಗಿತ್ತು. ಖಾಲಿಯಾದ ವನಸ್ಪತಿ ಡಬ್ಬಗಳನ್ನು ತೊಳೆದು ಬೇಳೆಕಾಳು ತುಂಬಿಡುವುದು ದೇಶದಾದ್ಯಂತ ಸಾಮಾನ್ಯವಾಗಿತ್ತು. ಅನಂತರ ಸ್ಟೇನ್‌ಲೆಸ್ ಸ್ಟೀಲ್ ಡಬ್ಬಗಳೂ ಪ್ಲಾಸ್ಟಿಕ್ ಡಬ್ಬಿಗಳೂ ಇವುಗಳ ಸ್ಥಾನವನ್ನು ಪಡೆದವು.

ಪಾಲಿಎಥಿಲೀನ್ ಎಂಬ ಪ್ಲಾಸ್ಟಿಕ್ 1933ರಲ್ಲಿ ಇಂಗ್ಲೆಂಡಿನ ಐಸಿಐ ಸಂಸ್ಥೆಯ ಪ್ರಯೋಗಾಲಯದಲ್ಲಿ ಎರಿಕ್ ಫಾಸೆಟ್ ಮತ್ತು ರೆಜಿನಾಲ್ಡ್ ಗಿಬ್ಸನ್ ಅವರಿಗೆ ಅನಿರೀಕ್ಷಿತವಾಗಿ ದೊರೆಯಿತು. 1950ರ ದಶಕದಲ್ಲಿ ಜರ್ಮನಿಯ ಕಾರ್ಲ್ ಝೀಗ್ಲರ್ ಮತ್ತು ಇಟಲಿಯ ಜೂಲಿಯೋ ನಟ್ಟಾ ಅವರ ಸಂಶೋಧನೆಗಳಿಂದ ಗಟ್ಟಿಯಾದ ಪಾಲಿಎಥಿಲೀನ್ ಮತ್ತು ಪಾಲಿಪ್ರೊಪಿಲೀನ್‌ಗಳ ತಯಾರಿಕೆ ಸುಲಭವಾಯಿತು. ಇವರಿಬ್ಬರಿಗೂ 1963ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ ಲಭಿಸಿತು.

ಅಡುಗೆಮನೆಯ ಡಬ್ಬಿಗೆ ಪಾಲಿಎಥಿಲೀನನ್ನು ಯಶಸ್ವಿಯಾಗಿ ಬಳಸಿದವರಲ್ಲಿ ಅಮೆರಿಕದ ಅರ್ಲ್ ಟಪ್ಪರ್ ಪ್ರಮುಖರು. ಬಣ್ಣದ ಡಬ್ಬದ ಮುಚ್ಚಳದ ಮಾದರಿಯನ್ನು ಅನುಸರಿಸಿ, ಅಂಚನ್ನು ಬಿಗಿಯಾಗಿ ಹಿಡಿದುಕೊಳ್ಳುವ ಮೃದುವಾದ ಮುಚ್ಚಳವನ್ನು ಅವರು ರೂಪಿಸಿದರು. 1946ರಲ್ಲಿ ಟಪ್ಪರ್‌ವೇರ್ ಮಾರುಕಟ್ಟೆಗೆ ಬಂದಿತು. ಆ ಮುಚ್ಚಳವನ್ನು ಮುಚ್ಚುವ ಕ್ರಮವು ಗಿರಾಕಿಗಳಿಗೆ ಹೊಸದಾಗಿದ್ದುದರಿಂದ ಅಂಗಡಿಗಳಲ್ಲಿ ಮಾರಾಟ ಕುಂಟಿತು. ಬ್ರೌನಿ ವೈಸ್ ಎಂಬ ಮಹಿಳೆ ಮನೆಗಳಲ್ಲಿ ಸ್ತ್ರೀಯರನ್ನು ಸೇರಿಸಿ ಡಬ್ಬಿಯ ಬಳಕೆಯನ್ನು ತೋರಿಸಿ ಮಾರುವ ಪದ್ಧತಿಯನ್ನು ಬೆಳೆಸಿದರು. ಭಾರತದಲ್ಲಿ ಈ ಸಂಸ್ಥೆ 1996ರಲ್ಲಿ ವ್ಯವಹಾರ ಆರಂಭಿಸಿ, ಇಲ್ಲಿಯೂ ಗೃಹಿಣಿಯರ ಮೂಲಕವೇ ಮಾರಾಟವನ್ನು ವಿಸ್ತರಿಸಿತು. 2024ರ ಸೆಪ್ಟೆಂಬರಿನಲ್ಲಿ ಅಮೆರಿಕದ ಮಾತೃಸಂಸ್ಥೆಯು ದಿವಾಳಿತನದ ರಕ್ಷಣೆ ಕೋರಿ ನ್ಯಾಯಾಲಯಕ್ಕೆ ಅರ್ಜಿ ಸಲ್ಲಿಸಿತು.

ತಳದಲ್ಲಿರುವ ಸಂಖ್ಯೆ

ಬಹುತೇಕ ಡಬ್ಬಿಗಳ ತಳದಲ್ಲಿ ತ್ರಿಕೋನದೊಳಗೆ 1ರಿಂದ 7ರವರೆಗಿನ ಒಂದು ಸಂಖ್ಯೆ ಇರುತ್ತದೆ. ಇದನ್ನು 1988ರಲ್ಲಿ ಅಮೆರಿಕದ ಪ್ಲಾಸ್ಟಿಕ್ ಉದ್ಯಮದ ಸಂಘವು ಮರುಬಳಕೆಗಾಗಿ ಪ್ಲಾಸ್ಟಿಕ್ ವಿಂಗಡಿಸುವವರ ಅನುಕೂಲಕ್ಕೆಂದು ಜಾರಿಗೆ ತಂದಿತು.

1 – ಪೆಟ್: ಪಾರದರ್ಶಕ, ಕುಡಿಯುವ ನೀರಿನ ಬಾಟಲಿ ಮತ್ತು ತಿರುಪು ಮುಚ್ಚಳದ ಜಾಡಿಗಳಲ್ಲಿ ಬಳಕೆ. ಸುಮಾರು 70 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮೆತ್ತಗಾಗತೊಡಗುವುದರಿಂದ ಬಿಸಿ ಪದಾರ್ಥಕ್ಕೆ ಸಲ್ಲದು. ಒಣ ಪದಾರ್ಥಗಳಿಗೆ ಉತ್ತಮ.

2 – ಎಚ್‌ಡಿಪಿಇ: ಹಾಲುಬಿಳುಪಿನ ಗಟ್ಟಿ ಪ್ಲಾಸ್ಟಿಕ್, ಎಣ್ಣೆಯ ಕ್ಯಾನ್ ಮತ್ತು ದೊಡ್ಡ ಡಬ್ಬಗಳಲ್ಲಿ ಬಳಕೆ.

3 – ಪಿವಿಸಿ: ಇದನ್ನು ಮೆದುವಾಗಿಸಲು ಥಾಲೇಟ್ ಮುಂತಾದ ರಾಸಾಯನಿಕಗಳನ್ನು ಸೇರಿಸುವುದುಂಟು. ಅವು ಎಣ್ಣೆ, ತುಪ್ಪದ ಅಂಶವಿರುವ ಆಹಾರಕ್ಕೆ ಇಳಿಯಬಲ್ಲವು. ಆಹಾರದ ಡಬ್ಬಿಗೆ ಇದನ್ನು ಆರಿಸದಿರುವುದು ಒಳಿತು.

4 – ಎಲ್‌ಡಿಪಿಇ: ಮೃದು ಮತ್ತು ಬಾಗುವ ಗುಣವುಳ್ಳದ್ದು, ಚೀಲ ಹಾಗೂ ಮೆತ್ತನೆಯ ಮುಚ್ಚಳಗಳಲ್ಲಿ ಬಳಕೆ.

5 – ಪಾಲಿಪ್ರೊಪಿಲೀನ್: ಕರಗುವ ಬಿಂದು ಸುಮಾರು 160 ಡಿಗ್ರಿ ಸೆಲ್ಸಿಯಸ್. ಊಟದ ಡಬ್ಬಿ, ಫ್ರಿಜ್ ಡಬ್ಬಿ ಮತ್ತು ಮೈಕ್ರೋವೇವ್‌ಗೆಂದು ಮಾರುವ ಡಬ್ಬಿಗಳಲ್ಲಿ ಸಾಮಾನ್ಯ. ಕೆಲವು ಬಗೆಗಳು ಫ್ರೀಜರಿನ ಶೀತದಲ್ಲಿ ಪೆಡಸಾಗಿ, ಕೈಜಾರಿ ಬಿದ್ದರೆ ಸೀಳುತ್ತವೆ.

6 – ಪಾಲಿಸ್ಟೈರೀನ್: ಗಾಜಿನಂತೆ ಸ್ವಚ್ಛವಾಗಿ ಕಂಡರೂ ಬೇಗ ಬಿರುಕು ಬಿಡುತ್ತದೆ. ಥರ್ಮೋಕೋಲ್ ಇದರದೇ ಉಬ್ಬಿದ ರೂಪ. ಬಿಸಿ ಮತ್ತು ಎಣ್ಣೆಯ ಪದಾರ್ಥಗಳಿಗೆ ಸಲ್ಲದು. ನಿಂಬೆ, ಕಿತ್ತಳೆ ಸಿಪ್ಪೆಯ ಎಣ್ಣೆಯೂ ಇದನ್ನು ಕರಗಿಸಬಲ್ಲದು.

7 – ಇತರೆ: ಪಾಲಿಕಾರ್ಬೊನೇಟ್, ಟ್ರೈಟಾನ್‌ನಂತಹ ಕೋಪಾಲಿಎಸ್ಟರ್, ಜೋಳದ ಪಿಷ್ಟದಿಂದಲೂ ತಯಾರಿಸಬಹುದಾದ ಪಿಎಲ್‌ಎ ಮುಂತಾದ ಪರಸ್ಪರ ಸಂಬಂಧವಿಲ್ಲದ ವಸ್ತುಗಳೆಲ್ಲ ಈ ಗುಂಪಿಗೆ ಸೇರುತ್ತವೆ. ಆದ್ದರಿಂದ 7 ಎಂಬ ಸಂಖ್ಯೆಯೊಂದರಿಂದಲೇ ಡಬ್ಬಿಯ ಗುಣವನ್ನು ತಿಳಿಯಲಾಗದು.

ಈ ಸಂಖ್ಯೆಯನ್ನು ಸುರಕ್ಷತೆಯ ಮುದ್ರೆಯೆಂದು ಭಾವಿಸುವುದು ತಪ್ಪು. ಅದು ಪ್ಲಾಸ್ಟಿಕ್ಕಿನ ಜಾತಿಯನ್ನು ಮಾತ್ರ ಹೇಳುತ್ತದೆ. ಅದಕ್ಕೆ ಬೆರೆಸಿದ ಬಣ್ಣ ಯಾವುದು, ಕಚ್ಚಾವಸ್ತು ಹೊಸದೇ ಅಥವಾ ಗುಜರಿಯಿಂದ ಬಂದುದೇ ಎಂಬುದನ್ನು ಹೇಳುವುದಿಲ್ಲ. 5 ಎಂದು ಬರೆದಿರುವ ಬಕೆಟ್ಟೂ ಪಾಲಿಪ್ರೊಪಿಲೀನೇ; ಆದರೆ ಅದನ್ನು ಆಹಾರಕ್ಕಾಗಿ ತಯಾರಿಸಿರುವುದಿಲ್ಲ. ಆಹಾರಯೋಗ್ಯತೆಯನ್ನು ಸೂಚಿಸುವ ಗುರುತು ಲೋಟ ಮತ್ತು ಫೋರ್ಕಿನ ಚಿತ್ರ ಅಥವಾ ಆಹಾರಕ್ಕೆ ಯೋಗ್ಯ ಎಂಬ ಬರಹ.

ಸುರಕ್ಷತೆ ಮತ್ತು ನಿಯಮಗಳು

ಪ್ಲಾಸ್ಟಿಕ್ಕಿನಲ್ಲಿರುವ ರಾಸಾಯನಿಕಗಳು ಅತ್ಯಲ್ಪ ಪ್ರಮಾಣದಲ್ಲಿ ಆಹಾರಕ್ಕೆ ಇಳಿಯುವುದನ್ನು ವಲಸೆ ಎನ್ನಲಾಗುತ್ತದೆ. ಶಾಖ, ಎಣ್ಣೆಯ ಅಂಶ, ಹುಳಿ ಮತ್ತು ಇಟ್ಟಿರುವ ಅವಧಿ ಹೆಚ್ಚಿದಂತೆಲ್ಲ ವಲಸೆಯೂ ಸಾಮಾನ್ಯವಾಗಿ ಹೆಚ್ಚುತ್ತದೆ. ಬಿಸಿ ಹುಳಿಯನ್ನೋ ಒಗ್ಗರಣೆಯ ಎಣ್ಣೆ ತೇಲುವ ಸಾಗುವನ್ನೋ ಒಲೆಯಿಂದ ಇಳಿಸಿದ ಕೂಡಲೇ ಪ್ಲಾಸ್ಟಿಕ್ ಡಬ್ಬಿಗೆ ಸುರಿದಾಗ ಇವುಗಳಲ್ಲಿ ಹಲವು ಒಟ್ಟಿಗೆ ಸೇರುತ್ತವೆ. ಅದೇ ಡಬ್ಬಿಯಲ್ಲಿ ಒಣಗಿದ ತೊಗರಿಬೇಳೆ ಇಟ್ಟಾಗ ವಲಸೆ ಬಹಳ ಕಡಿಮೆ.

ಭಾರತದಲ್ಲಿ ಆಹಾರ ಪೊಟ್ಟಣಗಳಿಗೆ ಸಂಬಂಧಿಸಿದ 2018ರ ಆಹಾರ ಸುರಕ್ಷತಾ ನಿಯಮಾವಳಿಯು ಒಟ್ಟು ವಲಸೆಯ ಮಿತಿಯನ್ನು ಕಿಲೋಗ್ರಾಂಗೆ 60 ಮಿಲಿಗ್ರಾಂ ಅಥವಾ ಪ್ರತಿ ಚದರ ಡೆಸಿಮೀಟರ್‌ಗೆ 10 ಮಿಲಿಗ್ರಾಂ ಎಂದು ನಿಗದಿಪಡಿಸಿದೆ. ಪ್ಲಾಸ್ಟಿಕ್ಕಿನ ಬಣ್ಣ ಆಹಾರಕ್ಕೆ ಇಳಿಯಕೂಡದು. ಭಾರತೀಯ ಮಾನಕ ಸಂಸ್ಥೆಯು ಆಹಾರದ ಸಂಪರ್ಕಕ್ಕೆ ಬರುವ ಪಾಲಿಎಥಿಲೀನ್‌ಗೆ ಐಎಸ್ 10146, ಪಾಲಿಪ್ರೊಪಿಲೀನ್‌ಗೆ ಐಎಸ್ 10910, ಪೆಟ್‌ಗೆ ಐಎಸ್ 12252 ಎಂಬ ಮಾನಕಗಳನ್ನು ರೂಪಿಸಿದೆ. ವಲಸೆಯ ಪರೀಕ್ಷಾ ವಿಧಾನವು ಐಎಸ್ 9845ರಲ್ಲಿದೆ.

ಪಾಲಿಕಾರ್ಬೊನೇಟ್ ತಯಾರಿಕೆಯಲ್ಲಿ ಬಳಸುವ ಬಿಸ್ಫಿನಾಲ್-ಎ ಹಾರ್ಮೋನುಗಳ ಕಾರ್ಯಕ್ಕೆ ಅಡ್ಡಿಯಾಗಬಲ್ಲ ವಸ್ತುವೆಂದು ಗುರುತಿಸಲ್ಪಟ್ಟಿದೆ. ಯುರೋಪಿನ ಒಕ್ಕೂಟ 2011ರಲ್ಲಿ ಶಿಶುಗಳ ಹಾಲಿನ ಬಾಟಲಿಗಳಲ್ಲಿ ಇದನ್ನು ನಿಷೇಧಿಸಿತು. 2024ರ ಡಿಸೆಂಬರಿನಲ್ಲಿ ಆಹಾರದ ಸಂಪರ್ಕಕ್ಕೆ ಬರುವ ವಸ್ತುಗಳಿಗೂ ನಿಷೇಧವನ್ನು ವಿಸ್ತರಿಸಿ, ಜಾರಿಗೆ ಕಾಲಾವಕಾಶ ನೀಡಿತು. ಆದರೆ ಬಿಸ್ಫಿನಾಲ್-ಎ ಇಲ್ಲ ಎಂಬ ಬರಹವು ಆ ಒಂದು ವಸ್ತುವಿಗೆ ಮಾತ್ರ ಅನ್ವಯಿಸುತ್ತದೆ. ಪಾಲಿಪ್ರೊಪಿಲೀನ್ ತಯಾರಿಕೆಗೆ ಅದು ಮೊದಲಿನಿಂದಲೂ ಬೇಕಾಗಿರಲಿಲ್ಲ.

ಪಾಲಿಪ್ರೊಪಿಲೀನ್ ಸಹ ಪೂರ್ಣ ದೋಷಮುಕ್ತವಲ್ಲ. ಬಿಸಿನೀರು ತುಂಬಿದ ಪಾಲಿಪ್ರೊಪಿಲೀನ್ ಶಿಶುಬಾಟಲಿಗಳಿಂದ ಪ್ಲಾಸ್ಟಿಕ್ಕಿನ ಸೂಕ್ಷ್ಮ ಕಣಗಳು ಬಿಡುಗಡೆಯಾಗುವುದನ್ನು 2020ರಲ್ಲಿ ಡಬ್ಲಿನ್‌ನ ಟ್ರಿನಿಟಿ ಕಾಲೇಜಿನ ಸಂಶೋಧಕರು ವರದಿ ಮಾಡಿದರು. 2023ರಲ್ಲಿ ಅಮೆರಿಕದ ನೆಬ್ರಾಸ್ಕ ವಿಶ್ವವಿದ್ಯಾನಿಲಯದ ಅಧ್ಯಯನವು ಮೈಕ್ರೋವೇವ್‌ನಲ್ಲಿ ಬಿಸಿಮಾಡಿದ ಡಬ್ಬಿಗಳಲ್ಲಿಯೂ ಇದನ್ನು ಕಂಡುಕೊಂಡಿತು. ಮೈಕ್ರೋವೇವ್ ಗುರುತಿನ ಅರ್ಥ ಡಬ್ಬಿಯು ಆ ಒಲೆಯಲ್ಲಿ ರೂಪಗೆಡದು ಎಂಬುದೇ ಹೊರತು ಅದರಿಂದ ಏನೂ ಹೊರಬರುವುದಿಲ್ಲ ಎಂಬುದಲ್ಲ. ಎಣ್ಣೆ, ಸಕ್ಕರೆ ಹೆಚ್ಚಿರುವ ಪದಾರ್ಥಗಳು ನೀರಿನ ಕುದಿಬಿಂದುವನ್ನು ಮೀರಿ ಕಾಯುತ್ತವೆ. ಆದ್ದರಿಂದ ಬಿಸಿಮಾಡುವಾಗ ಆಹಾರವನ್ನು ಗಾಜಿನ ಅಥವಾ ಪಿಂಗಾಣಿಯ ಪಾತ್ರೆಗೆ ವರ್ಗಾಯಿಸುವುದು ಕ್ಷೇಮಕರ.

ಪದಾರ್ಥಕ್ಕೆ ತಕ್ಕ ಡಬ್ಬಿ

ದವಸಧಾನ್ಯ ಮತ್ತು ಹಿಟ್ಟು: ಪೆಟ್, ಎಚ್‌ಡಿಪಿಇ, ಪಾಲಿಪ್ರೊಪಿಲೀನ್ ಮೂರೂ ಸೂಕ್ತ. ಒಂದು ಕಿಲೋಗ್ರಾಂ ಅಕ್ಕಿಗೆ ಸುಮಾರು ಒಂದೂಕಾಲು ಲೀಟರ್, ಅಷ್ಟೇ ಗೋಧಿಹಿಟ್ಟಿಗೆ ಎರಡು ಲೀಟರಿಗೆ ಸಮೀಪದ ಡಬ್ಬಿ ಬೇಕು. ಹಳೆಯದು ಪೂರ್ತಿ ಮುಗಿದು, ಡಬ್ಬಿಯನ್ನು ತೊಳೆದು ಒಣಗಿಸಿದ ಮೇಲೆ ಹೊಸದನ್ನು ತುಂಬಬೇಕು.

ಕುರುಕಲು ಮತ್ತು ಎಣ್ಣೆಬೀಜಗಳು: ಪಾಲಿಎಥಿಲೀನ್ ಮತ್ತು ಪಾಲಿಪ್ರೊಪಿಲೀನ್‌ಗಳು ತೇವವನ್ನು ಚೆನ್ನಾಗಿ ತಡೆದರೂ ಆಮ್ಲಜನಕವನ್ನು ಅಷ್ಟಾಗಿ ತಡೆಯವು. ಈ ವಿಷಯದಲ್ಲಿ ಪೆಟ್ ಉತ್ತಮ. ಗಾಜು ಮತ್ತು ಸ್ಟೀಲ್ ಇನ್ನೂ ಉತ್ತಮ. ಆದ್ದರಿಂದ ಚಕ್ಕುಲಿಯು ಕೆಲವು ದಿನಗಳಲ್ಲಿ ಮುಗಿಯುವುದಾದರೆ ಯಾವ ಬಿಗಿ ಡಬ್ಬಿಯೂ ಆದೀತು. ತಿಂಗಳುಗಟ್ಟಲೆ ಇಡುವ ಕೊಬ್ಬರಿಗೆ ಸ್ಟೀಲ್ ಡಬ್ಬವೇ ಮೇಲು.

ಮಸಾಲೆಪುಡಿ: ಇಂಗು, ಸಾರಿನ ಪುಡಿ ಮುಂತಾದವುಗಳ ವಾಸನೆ ಪ್ಲಾಸ್ಟಿಕ್ಕಿನಲ್ಲಿ ಉಳಿದುಕೊಳ್ಳುತ್ತದೆ. ಅಂತಹವುಗಳಿಗೆ ಪ್ರತ್ಯೇಕ ಡಬ್ಬಿ ಮೀಸಲಿಡಬೇಕು. ಪಾರದರ್ಶಕ ಡಬ್ಬಿಯಾದರೆ ಬೆಳಕು ಬೀಳದ ಕಪಾಟಿನಲ್ಲಿಡಬೇಕು.

ಉಪ್ಪಿನಕಾಯಿ: ಉಪ್ಪು, ಹುಳಿ, ಎಣ್ಣೆ ಮೂರೂ ಕೂಡಿರುವ, ವರ್ಷವಿಡೀ ಇಡುವ ಪದಾರ್ಥವಿದು. ಉಪ್ಪು ಮತ್ತು ಹುಳಿ ಸ್ಟೀಲನ್ನೂ ತಿನ್ನಬಲ್ಲವು. ಪಿಂಗಾಣಿ ಜಾಡಿ ಅಥವಾ ಗಾಜಿನ ಬಾಟಲಿಗೆ ಇಲ್ಲಿ ಸರಿಸಾಟಿಯಿಲ್ಲ.

ದೋಸೆ ಹಿಟ್ಟು: ಹುದುಗುವಾಗ ಇಂಗಾಲದ ಡೈಆಕ್ಸೈಡ್ ಉತ್ಪತ್ತಿಯಾಗಿ ಹಿಟ್ಟು ಉಬ್ಬುತ್ತದೆ. ಗಾಳಿಯಾಡದಂತೆ ಬಿಗಿದ ಮುಚ್ಚಳ ಸಿಡಿದು ತೆರೆದುಕೊಳ್ಳಬಹುದು. ಡಬ್ಬಿಯ ಅರ್ಧದಷ್ಟು ಮಾತ್ರ ತುಂಬಿ, ಮುಚ್ಚಳವನ್ನು ಸಡಿಲವಾಗಿಡಬೇಕು.

ಸೊಪ್ಪು ಮತ್ತು ತರಕಾರಿ: ಕೊಯ್ದ ಮೇಲೂ ಇವು ಉಸಿರಾಡುತ್ತ ತೇವವನ್ನು ಬಿಡುತ್ತವೆ. ಸಣ್ಣ ತೂತುಗಳುಳ್ಳ ಅಥವಾ ತಳದಲ್ಲಿ ಜಾಲರಿಯುಳ್ಳ ಡಬ್ಬಿ ಸೂಕ್ತ. ಕೊತ್ತಂಬರಿ ಸೊಪ್ಪಿನ ಕೆಳಗೆ ಒಣಬಟ್ಟೆ ಹಾಸಿದರೆ ಹೆಚ್ಚಿನ ನೀರನ್ನು ಅದು ಹೀರಿಕೊಳ್ಳುತ್ತದೆ.

ಬೇಯಿಸಿದ ಆಹಾರ: ಬಿಸಿ ಅನ್ನವನ್ನು ಆಳವಾದ ಡಬ್ಬಿಗೆ ತುಂಬಿ ಮುಚ್ಚಿದರೆ ನಡುಭಾಗ ಗಂಟೆಗಟ್ಟಲೆ ಬೆಚ್ಚಗಿರುತ್ತದೆ. ಬೇಯಿಸಿದರೂ ಸಾಯದ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಗಳು ಆಗ ಮೊಳೆತು ವಿಷವನ್ನು ಉತ್ಪಾದಿಸಬಹುದು. ಮತ್ತೆ ಬಿಸಿಮಾಡಿದರೂ ವಾಂತಿಗೆ ಕಾರಣವಾಗುವ ಆ ವಿಷ ನಾಶವಾಗುವುದಿಲ್ಲ. ಅಗಲವಾದ ತಟ್ಟೆ ಅಥವಾ ಪಾತ್ರೆಯಲ್ಲಿ ಹರಡಿ ತಣಿಸಿ, ಎರಡು ಗಂಟೆಯೊಳಗೆ ತಗ್ಗಾದ ಡಬ್ಬಿಯಲ್ಲಿ ಫ್ರಿಜ್‌ಗೆ ಸೇರಿಸಬೇಕು. ಈ ಕ್ರಮದಿಂದ ಬಿಸಿ ಆಹಾರವು ಪ್ಲಾಸ್ಟಿಕ್ಕಿಗೆ ತಾಗುವುದೂ ತಪ್ಪುತ್ತದೆ.

ಮುಚ್ಚಳದ ಪರೀಕ್ಷೆ

ಡಬ್ಬಿಯ ಬಿಗಿತ ಮುಚ್ಚಳದಲ್ಲಿದೆ. ಒತ್ತುಮುಚ್ಚಳ, ತಿರುಪು ಮುಚ್ಚಳ ಮತ್ತು ನಾಲ್ಕು ಬದಿಯ ಕೊಂಡಿಗಳುಳ್ಳ ಮುಚ್ಚಳ ಎಂಬ ಮೂರು ಬಗೆಗಳು ಹೆಚ್ಚು ಪ್ರಚಲಿತ. ಕೊಂಡಿ ಮುಚ್ಚಳದ ಒಳಗೆ ಸಿಲಿಕೋನ್ ಉಂಗುರವಿರುತ್ತದೆ. ಒಣಗಿದ ಡಬ್ಬಿಯೊಳಗೆ ಒಂದು ಕಾಗದದ ತುಂಡನ್ನಿಟ್ಟು ಮುಚ್ಚಿ, ಸ್ವಲ್ಪ ಹೊತ್ತು ನೀರಿನಲ್ಲಿ ಮುಳುಗಿಸಿ ಹಿಡಿದು ನೋಡಿದರೆ ಬಿಗಿತ ತಿಳಿಯುತ್ತದೆ: ಗುಳ್ಳೆ ಬಂದರೆ ಅಥವಾ ಕಾಗದ ಒದ್ದೆಯಾದರೆ ಮುಚ್ಚಳ ಸಡಿಲವಾಗಿದೆ ಎಂದರ್ಥ.

ಶುಚಿತ್ವ ಮತ್ತು ವಿಲೇವಾರಿ

ಅರಿಸಿನದ ಬಣ್ಣಕ್ಕೆ ಕಾರಣವಾದ ಕರ್ಕ್ಯುಮಿನ್ ಎಣ್ಣೆಯಲ್ಲಿ ಕರಗುವುದರಿಂದ ಎಣ್ಣೆಯ ಪಲ್ಯವಿಟ್ಟ ಡಬ್ಬಿಗೆ ಹಳದಿ ಕಲೆ ಹತ್ತುತ್ತದೆ. ಬಿಸಿಲಿನಲ್ಲಿಟ್ಟರೆ ಆ ಕಲೆ ಕ್ರಮೇಣ ಮಾಸುತ್ತದೆ. ಸ್ಟೀಲ್ ನಾರಿನಿಂದ ಉಜ್ಜಿದರೆ ಗೀರುಗಳುಂಟಾಗಿ ಅವುಗಳಲ್ಲಿ ಜಿಡ್ಡು ಮತ್ತು ಸೂಕ್ಷ್ಮಜೀವಿಗಳು ನೆಲೆಸುತ್ತವೆ. ಸಿಲಿಕೋನ್ ಉಂಗುರವನ್ನು ಆಗಾಗ ಬಿಚ್ಚಿ ತೊಳೆದು ಒಣಗಿಸದಿದ್ದರೆ ಅದರ ಅಡಿಯಲ್ಲಿ ಬೂಷ್ಟು ಕಟ್ಟುತ್ತದೆ.

ಬಿರುಕು ಬಿಟ್ಟ, ಅಂಟಂಟಾದ, ಮುಚ್ಚಳ ಸೊಟ್ಟಗಾದ ಅಥವಾ ತೊಳೆದರೂ ವಾಸನೆ ಹೋಗದ ಡಬ್ಬಿಗಳನ್ನು ಆಹಾರಕ್ಕೆ ಬಳಸಬಾರದು. ಗುಂಡಿ, ಮೊಳೆ, ಸೂಜಿದಾರಗಳನ್ನಿಡಲು ಅವು ಸಾಕು. ಬಣ್ಣ, ಫಿನಾಯಿಲ್ ಅಥವಾ ಕೀಟನಾಶಕ ಬಂದಿದ್ದ ಡಬ್ಬಗಳನ್ನು ಎಷ್ಟೇ ತೊಳೆದರೂ ಆಹಾರಕ್ಕೆ ಉಪಯೋಗಿಸಕೂಡದು. ಎಸೆಯಬೇಕಾದ ಡಬ್ಬಿಗಳನ್ನು ತೊಳೆದು ಒಣಕಸಕ್ಕೆ ಸೇರಿಸಬೇಕು. ತಳದ ಸಂಖ್ಯೆಯು ತನ್ನ ಮೂಲ ಉದ್ದೇಶಕ್ಕೆ ಒದಗುವುದು ಈ ಹಂತದಲ್ಲಿ: 1, 2 ಮತ್ತು 5ರ ಡಬ್ಬಿಗಳು ಮರುಬಳಕೆಗೆ ಸುಲಭವಾಗಿ ಸಲ್ಲುತ್ತವೆ, 7ರ ಗುಂಪಿನವುಗಳನ್ನು ವಿಂಗಡಿಸುವುದು ಕಷ್ಟ.